ಗಾಳದಲ್ಲಿ ನಿಲ್ಲುವ ಎರೆ: ಬೂತಾಯಿ, ಬಂಗುಡೆ ಹಿಡಿದು ಆರು ವಾರ

ಪಡುಕೆರೆಯ ಕಡಲತೀರದಲ್ಲಿ ನಿಂತು ಗಾಳದ ರಾಡ್ ಬೀಸಿದರೆ ನನಗೆ ಎರಡು ಸದ್ದು ಕೇಳುತ್ತಿತ್ತು. ಮೊದಲು ಹತ್ತಿರದಲ್ಲಿ ಒಂದು ಸಣ್ಣ ‘ಪಚಕ್’. ಆಮೇಲೆ ದೂರದಲ್ಲಿ ‘ಡುಬುಕ್’. ದೂರದ್ದು ಸೀಸದ ಗುಂಡು. ಹತ್ತಿರದ್ದು ನನ್ನ ಎರೆ, ಅಂದರೆ ಆಮಿಷವಾಗಿ ಗಾಳಕ್ಕೆ ಚುಚ್ಚಿದ ಮೀನು.

ಅಂದರೆ ಗಾಳ ಬರಿದಾಗಿಯೇ ಸಮುದ್ರಕ್ಕೆ ಹೋಗುತ್ತಿತ್ತು. ಇದು ಗೊತ್ತಾಗುವ ಮೊದಲು ಎಷ್ಟು ಭಾನುವಾರ ಬರಿ ಗಾಳ ಹಾಕಿಕೊಂಡು ಕಾದಿದ್ದೇನೋ ಲೆಕ್ಕವಿಲ್ಲ. ಈ ಅಕ್ಟೋಬರ್‌ನಲ್ಲಿ ಒಂದು ತೀರ್ಮಾನ ಮಾಡಿದೆ. ಮೀನು ಸಿಗಲಿ ಬಿಡಲಿ, ಮೊದಲು ಎರೆ ಗಾಳದಲ್ಲಿ ನಿಲ್ಲಬೇಕು. ಅದು ಸರಿಯಾಗುವ ತನಕ ಬೇರೆ ಯಾವುದನ್ನೂ ಹೊಸದಾಗಿ ಕೊಳ್ಳುವುದಿಲ್ಲ ಅಂದುಕೊಂಡೆ. ಆ ಮಾತು ಒಂದೇ ವಾರ ಉಳಿಯಿತು. ಅದನ್ನೂ ಕೆಳಗೆ ಬರೆದಿದ್ದೇನೆ.

ನನ್ನ ಹತ್ತಿರ ಇರುವುದು ಇಷ್ಟು: 11 ಅಡಿ ರಾಡ್, ಮಧ್ಯಮ ಗಾತ್ರದ ರೀಲ್, 30 ಪೌಂಡ್ ಭಾರ ತಾಳುವ ಬ್ರೇಡ್ ಲೈನ್ (ಹೆಣೆದ ದಾರ), ಅದರ ತುದಿಗೆ ಎರಡು ಮಾರು ಉದ್ದದ ದಪ್ಪ ತಂಗೂಸಿ (ನೈಲಾನ್ ದಾರ), 80 ಗ್ರಾಂ ಸೀಸ, 3/0 ನಂಬರಿನ, ಮೊನೆ ಒಳಕ್ಕೆ ಬಾಗಿದ ಸರ್ಕಲ್ ಗಾಳ. ಕೆಲಸ ಕಟಪಾಡಿಯಲ್ಲಿ, ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ. ಹಾಗಾಗಿ ಗಾಳಕ್ಕೆ ಭಾನುವಾರ ಮಾತ್ರ.

ಅಕ್ಟೋಬರ್ 5 ಮತ್ತು 6

ಶನಿವಾರ ಸಂಜೆ ಕೆಲಸ ಬಿಟ್ಟು ಬರುವಾಗ ದಾರಿಯಲ್ಲಿ ಎರೆಗೆಂದು ಅರ್ಧ ಕೆಜಿ ಬೂತಾಯಿ ಮೀನು ತಗೊಂಡೆ. 80 ರೂಪಾಯಿ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಸ್ಕೂಟರಿನ ಕೊಕ್ಕೆಗೆ ಸಿಕ್ಕಿಸಿದೆ. ದಾರಿಯಲ್ಲಿ ಪರಿಚಯದವರು ಸಿಕ್ಕರು, ಹದಿನೈದು ನಿಮಿಷ ಮಾತಾಡಿದೆ. ಮನೆಗೆ ಬಂದು ಸ್ನಾನ, ಚಹಾ. ಆಮೇಲೆ ನೆನಪಾಗಿ ಅದೇ ಚೀಲವನ್ನು ಹಾಗೇ ಫ್ರೀಜರಿಗೆ ಹಾಕಿದೆ.

ಬೆಳಿಗ್ಗೆ ಐದಕ್ಕೆ ತೆಗೆದರೆ ಎಲ್ಲ ಸೇರಿ ಒಂದು ಇಟ್ಟಿಗೆ. ಕತ್ತಿಯ ಹಿಂಬದಿಯಿಂದ ಹೊಡೆದೆ, ಎರಡು ಮೀನು ನಡುವೆಯೇ ತುಂಡಾದವು. ಹೊತ್ತಾಗುತ್ತಿದೆ ಎಂದು ಬಿಸಿನೀರಿನಲ್ಲಿ ಅದ್ದಿದೆ. ಇದು ಆ ದಿನದ ದೊಡ್ಡ ತಪ್ಪು. ಹೊರಗಿನ ಮಾಂಸ ಅರ್ಧ ಬೆಂದಂತಾಯಿತು, ಒಳಗೆ ಇನ್ನೂ ಐಸ್. ಹೊಟ್ಟೆ ಒಡೆದು ಕೈಯೆಲ್ಲ ಎಣ್ಣೆ.

ಪಡುಕೆರೆಯಲ್ಲಿ 14 ಸಲ ಬೀಸಿದೆ. ಪ್ರತಿ ಸಲ ಕಿವಿಗೊಟ್ಟು ಕೇಳಿದೆ. 11 ಸಲ ಎರಡು ಸದ್ದು. ಮೀನು ಇಲ್ಲ.

ಮನೆಯ ಫ್ರೀಜರ್ ಮೀನನ್ನು ನಿಧಾನವಾಗಿ ಗಟ್ಟಿ ಮಾಡುತ್ತದೆ. ನಿಧಾನವಾದಷ್ಟು ಮಾಂಸದೊಳಗೆ ಐಸಿನ ಹರಳು ದೊಡ್ಡದಾಗಿ ಬೆಳೆಯುತ್ತದೆ, ಮಾಂಸವನ್ನು ಒಳಗಿನಿಂದಲೇ ಹರಿದುಬಿಡುತ್ತದೆ. ಅರ್ಧ ಕೆಜಿ ಒಂದೇ ಗಂಟಾಗಿ ಇಟ್ಟರೆ ಇನ್ನೂ ನಿಧಾನ. ಬೂತಾಯಿ ಮೊದಲೇ ಮೆತ್ತಗಿನ, ಎಣ್ಣೆಯ ಮೀನು. ಕರಗಿದ ಮೇಲೆ ಬೆರಳಲ್ಲಿ ಒತ್ತಿದರೆ ನೆನೆಸಿದ ಅವಲಕ್ಕಿ ಹಾಗಿತ್ತು.

ಅಕ್ಟೋಬರ್ 12 ಮತ್ತು 13

ಇಲ್ಲಿ ನಾನು ಗಾಳವನ್ನು ದೂರಿದೆ. ಸರ್ಕಲ್ ಗಾಳದ ಬಾಗು ಜಾಸ್ತಿ, ಅದಕ್ಕೇ ಎರೆ ಹರಿಯುತ್ತದೆ ಅಂತ ನನಗೆ ನಾನೇ ಹೇಳಿಕೊಂಡು ಉದ್ದ ಕಾಲಿನ ಬೇರೆ ಗಾಳ ತಂದೆ. 120 ರೂಪಾಯಿ. ಮೀನು ಮಾತ್ರ ಅದೇ ರೀತಿ ತಂದದ್ದು, ಅದೇ ಚೀಲ, ಅದೇ ಫ್ರೀಜರ್. ಇನ್ನೊಂದು 80 ರೂಪಾಯಿ. 15 ಸಲ ಬೀಸಿದೆ, 11 ಸಲ ಎರೆ ಹಾರಿಹೋಯಿತು.

200 ರೂಪಾಯಿ ದಂಡ. ಎರಡು ವಾರದ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡಿದಾಗಲೇ ಹೊಳೆದದ್ದು. ಗಾಳ ಬದಲಾದರೂ ಫಲ ಬದಲಾಗಲಿಲ್ಲ. ಹಾಗಾದರೆ ನೋಡಬೇಕಾದದ್ದು ಮೀನನ್ನೇ, ಅದೂ ಮನೆ ತಲುಪುವ ಮೊದಲಿನ ಮೀನನ್ನು.

ಅಕ್ಟೋಬರ್ 19 ಮತ್ತು 20

ಶನಿವಾರ ಬೆಳಿಗ್ಗೆ ಐದೂವರೆಗೆ ಮಲ್ಪೆ ಬಂದರಿಗೆ ಹೋದೆ. ಬೋಟುಗಳಿಂದ ಬುಟ್ಟಿ ಇಳಿಯುತ್ತಿತ್ತು. ಅಲ್ಲಿ ಮೀನು ಮಾರುವ ಅಕ್ಕ ಒಬ್ಬರು. ನಾನು ಬೂತಾಯಿ ಒಂದೊಂದೇ ಎತ್ತಿ ನೋಡುವುದನ್ನು ಕಂಡು ಕೇಳಿದರು.

“ಮಗಾ, ಪುಳಿಮುಂಚಿಗಾ? ಇಷ್ಟು ಯಾಕೆ ಆರಿಸ್ತೀಯ?”

“ಗಾಳಕ್ಕೆ ಅಕ್ಕ. ಎರೆ ನಿಲ್ತಾ ಇಲ್ಲ.”

ಅವರು ಒಂದು ಬೂತಾಯಿಯನ್ನು ತಲೆಯ ಹತ್ತಿರ ಎರಡೇ ಬೆರಳಲ್ಲಿ ಹಿಡಿದು ಅಡ್ಡಲಾಗಿ ಎತ್ತಿದರು. ಮೀನು ಕೋಲಿನ ಹಾಗೆ ನೇರ ನಿಂತಿತು. ಇನ್ನೊಂದನ್ನು ಎತ್ತಿದರು, ಅದರ ಬಾಲ ಜೋತುಬಿತ್ತು. “ಇದು ನಿನ್ನೆ ರಾತ್ರಿದು, ಅದು ಮೊನ್ನೆದು. ನಿಂಗೆ ನಿಲ್ಲುವ ಮೀನು ಬೇಕು” ಅಂದರು. ಪುಳಿಮುಂಚಿಯಂಥ ಸಾರಿಗೆ ಎರಡೂ ಆಗುತ್ತದಂತೆ. ಗಾಳಕ್ಕೆ ಮೊದಲಿನದು ಮಾತ್ರ.

ಅವತ್ತಿನಿಂದ ನಾನು ನೋಡುವುದು ಹೀಗೆ. ಬಾಲ ಜೋಲಬಾರದು. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಒಳಗೆ ಹೋಗಿರಬಾರದು. ಕಿವಿರು ಕೆಂಪಾಗಿರಬೇಕು, ಕಂದು ಬಂದಿದ್ದರೆ ಬೇಡ. ಎಲ್ಲಕ್ಕಿಂತ ಮುಖ್ಯ ಹೊಟ್ಟೆ. ಹೊಟ್ಟೆ ತುಂಬ ತಿಂದಿರುವಾಗ ಬಲೆಗೆ ಬಿದ್ದ ಬೂತಾಯಿಯ ಹೊಟ್ಟೆ ಬೇಗ ಒಡೆಯುತ್ತದೆ. ಅದರ ಜೀರ್ಣರಸವೇ ಅದರ ಹೊಟ್ಟೆಯ ಗೋಡೆಯನ್ನು ಕರಗಿಸುತ್ತದೆ. ಒಡೆದ ಹೊಟ್ಟೆಯ ಒಂದು ಮೀನು ಪಕ್ಕದ ನಾಲ್ಕನ್ನು ಮೆತ್ತಗೆ ಮಾಡುತ್ತದೆ.

ಒಂದು ಕೆಜಿ 140 ರೂಪಾಯಿ. ಥರ್ಮಾಕೋಲ್ ಡಬ್ಬಿ 100, ಪುಡಿ ಐಸ್ 20. ಕೆಳಗೆ ಐಸ್, ಮೇಲೆ ಮೀನು, ಮತ್ತೆ ಐಸ್. ಸರಿಯಾಗಿ ಮಾಡಿದೆ ಅಂದುಕೊಂಡೆ. ಡಬ್ಬಿಯನ್ನು ಮನೆಯಲ್ಲಿ ನೆರಳಲ್ಲಿಟ್ಟು ಕೆಲಸಕ್ಕೆ ಹೋದೆ.

ಸಂಜೆ ಮುಚ್ಚಳ ತೆಗೆದರೆ ಐಸ್ ಅರ್ಧ ಕರಗಿ ಮೀನೆಲ್ಲ ನೀರಿನಲ್ಲಿ ತೇಲುತ್ತಿತ್ತು. ಚರ್ಮದ ಹೊಳಪು ಹೋಗಿ ಬಿಳಿಚಿಕೊಂಡಿತ್ತು. ಕಣ್ಣು ಹಾಲಿನ ಬಣ್ಣ. ಪಕ್ಕದ ಮನೆಯ ಅಜ್ಜ ಹಿಂದೆ ಕೈರಂಪಣಿಯಲ್ಲಿ (ದಡದಿಂದ ಕೈಯಲ್ಲೇ ಎಳೆಯುವ ದೊಡ್ಡ ಬಲೆ) ದುಡಿದವರು. ಅವರಿಗೆ ತೋರಿಸಿದೆ.

“ಸಿಹಿನೀರಲ್ಲಿ ಮೀನು ನೆನೆಸಿಡ್ತಾರಾ ಮಾರಾಯ? ತಣ್ಣಗಿದ್ರೂ ಅದು ನೀರು ಕುಡೀತದೆ.”

ಅವರ ಮಾತಿನಂತೆ ಎರಡು ಬದಲಾವಣೆ. ಡಬ್ಬಿಯ ತಳದ ಮೂಲೆಯಲ್ಲಿ ಸ್ಕ್ರೂಡ್ರೈವರ್ ಕಾಯಿಸಿ ಒಂದು ತೂತು ಮಾಡಿದೆ. ಕರಗಿದ ನೀರು ಹೊರಗೆ ಹೋಗಬೇಕು. ಇನ್ನೊಂದು, ಒಂದು ಲೀಟರಿನ ಎರಡು ಬಾಟಲಿಗಳಲ್ಲಿ ನೀರು ತುಂಬಿ ಫ್ರೀಜರಿನಲ್ಲಿ ಗಟ್ಟಿ ಮಾಡಿಟ್ಟೆ. ಬಂದರಿನಿಂದ ಮನೆಗೆ ಇದು ಸಾಕು, ಮೀನಿಗೆ ನೀರು ತಾಗುವುದೇ ಇಲ್ಲ. ಬೇಗ ತಣ್ಣಗಾಗಬೇಕಿದ್ದರೆ ಸಮುದ್ರದ ನೀರಿಗೇ ಐಸ್ ಹಾಕಿ ಅದರಲ್ಲಿ ಅರ್ಧ ಗಂಟೆ ಅದ್ದಿ ತೆಗೆಯುವುದು ಇನ್ನೂ ಒಳ್ಳೆಯದು. ಉಪ್ಪುನೀರು ಸೊನ್ನೆ ಡಿಗ್ರಿಗಿಂತ ಸ್ವಲ್ಪ ಕೆಳಗೂ ಇಳಿಯುತ್ತದೆ. ಆ ನೀರನ್ನು ಬಂದರಿನ ಒಳಗಿಂದ ತೆಗೆಯಬೇಡಿ, ಅಲ್ಲಿ ಡೀಸೆಲ್ ಪಸೆ ಇರುತ್ತದೆ. ನಾನು ಪಡುಕೆರೆಯ ಕಡೆಯಿಂದ ಕ್ಯಾನಿನಲ್ಲಿ ತರುತ್ತೇನೆ.

ಭಾನುವಾರ 20 ಸಲ ಬೀಸಿದೆ, 8 ಸಲ ಎರೆ ಹೋಯಿತು. ನೀರಲ್ಲಿ ನೆನೆದ ಮೀನಿನಲ್ಲೇ ಇಷ್ಟು ಸುಧಾರಣೆ. ಒಂದು ತೇಡೆ (ಮೀಸೆಯ ಮೀನು) ಸಿಕ್ಕಿತು, ಅರ್ಧ ಕೆಜಿ ಇರಬಹುದು. ತೇಡೆಯ ಬೆನ್ನಿನ ಮುಳ್ಳು, ಎರಡು ಪಕ್ಕದ ಮುಳ್ಳು, ಮೂರೂ ವಿಷದ್ದು. ಒದ್ದೆ ಬಟ್ಟೆ ಸುತ್ತಿ ಹಿಡಿದು ಪಕ್ಕಡಿನಿಂದಲೇ ಗಾಳ ಬಿಡಿಸಬೇಕು.

ಅಕ್ಟೋಬರ್ 26: ಉಪ್ಪು

ಮಳೆಗಾಲಕ್ಕೆ ಉಪ್ಪುಮೀನು ಹಾಕಿಡುವುದು ನಮ್ಮ ಮನೆಗೆ ಹೊಸದಲ್ಲ. ಜೂನ್ ಮತ್ತು ಜುಲೈ, 61 ದಿನ ದೊಡ್ಡ ಬೋಟುಗಳಿಗೆ ನಿಷೇಧ. ಅಮ್ಮ ಮೇ ತಿಂಗಳಲ್ಲೇ ಭರಣಿಯಲ್ಲಿ ಉಪ್ಪು ಹಾಕಿ ಮೀನು ಇಡುತ್ತಾರೆ. ಆ ಮೀನನ್ನು ಸಾರಿಗೆ ಹಾಕಿದರೂ ತುಂಡು ಮುರಿಯುವುದಿಲ್ಲ, ಗಟ್ಟಿ ನಿಲ್ಲುತ್ತದೆ. ಇದು ಕಣ್ಣೆದುರಿಗೇ ಇದ್ದರೂ ಗಾಳಕ್ಕೆ ಬಳಸಬಹುದು ಎಂದು ನನಗೆ ತೋಚಿರಲಿಲ್ಲ. ಆ ಶನಿವಾರ ಮಲ್ಪೆಯ ಅಕ್ಕನೇ ಚೀಲ ಕೈಗೆ ಕೊಡುತ್ತಾ “ಉಪ್ಪು ಪಾಡ್ಲ ಮಗಾ” (ಉಪ್ಪು ಹಾಕು) ಎಂದರು.

ಒಂದು ಕೆಜಿ ಬೂತಾಯಿ 120, ಕಲ್ಲುಪ್ಪು ಒಂದು ಕೆಜಿ 20, ಐಸ್ 20.

ಈ ಸಲ ಸುಮ್ನೆ ಅಂದಾಜಿನಲ್ಲಿ ಮಾಡಲಿಲ್ಲ. ಅಡುಗೆಮನೆಯ ತೂಕದ ಯಂತ್ರ ತಗೊಂಡು ಕೂತೆ. ಮೊದಲು ತಲೆ ತೆಗೆದೆ. ಕಿವಿರಿನ ಹಿಂದಿನಿಂದ ಹೊಟ್ಟೆಯ ಕಡೆಗೆ ಓರೆಯಾಗಿ ಕತ್ತಿ ಇಳಿಸಿ ತಲೆಯನ್ನು ಮೆಲ್ಲಗೆ ಎಳೆದರೆ ಕರುಳೆಲ್ಲ ಅದರ ಜೊತೆಗೇ ಬರುತ್ತದೆ. ಹೊಟ್ಟೆ ಸೀಳುವ ಕೆಲಸವಿಲ್ಲ. ಒಳಗನ್ನು ಬಟ್ಟೆಯಿಂದ ಒರೆಸಿದೆ. ನಲ್ಲಿ ನೀರು ತಾಗಿಸಲಿಲ್ಲ.

ಹತ್ತು ಮೀನು ಇಡಿಯಾಗಿ 420 ಗ್ರಾಂ ಇತ್ತು. ತಲೆ, ಕರುಳು ಹೋದ ಮೇಲೆ 290. ಅದಕ್ಕೆ 75 ಗ್ರಾಂ ಕಲ್ಲುಪ್ಪು, ಅಂದರೆ ಸುಮಾರು ನಾಲ್ಕರಲ್ಲೊಂದು ಪಾಲು. ತೂತಿನ ತಟ್ಟೆಯಲ್ಲಿ ಒಂದೇ ಪದರವಾಗಿ ಜೋಡಿಸಿ, ಕೆಳಗೊಂದು ಪಾತ್ರೆ ಇಟ್ಟು, ಫ್ರಿಜ್‌ನ ಕೆಳಗಿನ ಅಂಕಣದಲ್ಲಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಪಾತ್ರೆಯಲ್ಲಿ ಕೆಂಪು ನೀರು. ಮೀನಿನ ತೂಕ 245. ನೀರು ಬಿಟ್ಟು ಒಂದೇ ರಾತ್ರಿಗೆ 45 ಗ್ರಾಂ ಇಳಿದಿತ್ತು.

ಉಳಿದ ಮೀನಿನಲ್ಲಿ ಬೇರೆ ಬೇರೆ ಮಾಡಿ ನೋಡಿದೆ. ನಾಲ್ಕಕ್ಕೆ ಉಪ್ಪೇ ಇಲ್ಲ. ನಾಲ್ಕಕ್ಕೆ ಎರಡೇ ಗಂಟೆ ಉಪ್ಪು. ಮೂರಕ್ಕೆ ಕಲ್ಲುಪ್ಪಿನ ಬದಲು ಪುಡಿ ಉಪ್ಪು. ಇನ್ನು ಎರಡನ್ನು ಕರುಳು ತೆಗೆಯದೆ ಇಡಿಯಾಗಿಯೇ ಉಪ್ಪಿನಲ್ಲಿಟ್ಟೆ.

ಆಮೇಲೆ ಹಿತ್ತಲಿನ ಬಟ್ಟೆ ಒಣಗಿಸುವ ತಂತಿಗೆ ಗಾಳ ಕಟ್ಟಿದೆ. ಗಾಳಕ್ಕೆ ಮೀನಿನ ಬಾಲದ ಬುಡ ಚುಚ್ಚಿದೆ. ಮೀನಿನ ಇನ್ನೊಂದು ತುದಿಗೆ ಬಟ್ಟೆ ಕ್ಲಿಪ್ ಹಾಕಿ, ಕ್ಲಿಪ್ಪಿಗೆ ಖಾಲಿ ಬಾಟಲಿ ನೇತು ಹಾಕಿದೆ. ಅದಕ್ಕೆ 50 ಮಿಲಿ ಅಳತೆಯಲ್ಲಿ ನೀರು ಹುಯ್ಯುತ್ತಾ ಹೋದೆ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಉಪ್ಪು ಹಾಕದ್ದು ಮೂರು ಸಲಕ್ಕೆ 200, 250, 150 ಮಿಲಿಗೆ ಹರಿದುಬಿತ್ತು. ಎರಡು ಗಂಟೆಯದ್ದು 300, 350, 300. ರಾತ್ರಿಯಿಡೀ ಉಪ್ಪಿನಲ್ಲಿದ್ದದ್ದು 600, 550, 650. ಹೋದ ವಾರಗಳ ಹಾಗೆ ಗಂಟಾಗಿ ಫ್ರೀಜ್ ಮಾಡಿದ್ದ ಹಳೆಯ ಒಂದು ಮೀನು ಉಳಿದಿತ್ತು, ಅದನ್ನೂ ತೂಗು ಹಾಕಿದೆ. ಖಾಲಿ ಬಾಟಲಿಯ ಭಾರಕ್ಕೇ ಬಿತ್ತು.

ಕೊನೆಯ ಬಾಟಲಿ ತೂಗುತ್ತಿರುವಾಗ ಹತ್ತಿರ ಹೋಗಿ ನೋಡಿದೆ. ಗಾಳದ ಬಾಗಿನ ಸುತ್ತ ಚರ್ಮ ಬಿಗಿಯಾಗಿ ಎಳೆದು ನಿಂತಿತ್ತು. ಮಾಂಸ ಅರೆಪಾರದರ್ಶಕವಾಗಿ, ಸ್ವಲ್ಪ ಹಳದಿ ಛಾಯೆ. ಒಂದು ಎಳೆಯೂ ಸಡಿಲಿರಲಿಲ್ಲ. ಉಪ್ಪು ಹಾಕದ ಮೀನಿನಲ್ಲಿ ಮಾಂಸ ಪದರ ಪದರವಾಗಿ ಬಿಟ್ಟುಕೊಂಡು, ಚರ್ಮವೊಂದೇ ತೂಕ ಹೊತ್ತು ಕೊನೆಗೆ ಹರಿಯುತ್ತಿತ್ತು. ಉಪ್ಪಿನದರಲ್ಲಿ ಮಾಂಸವೇ ಗಾಳವನ್ನು ಹಿಡಿದುಕೊಂಡಿತ್ತು.

ತಪ್ಪುಗಳು. ಪುಡಿ ಉಪ್ಪು ಬೇಗ ಮೇಲ್ಮೈಗೆ ಅಂಟಿ ಹೊರಗೆ ಒಂದು ಸಿಪ್ಪೆ ಕಟ್ಟಿತು, ಒಳಗೆ ಮೆತ್ತಗೇ ಉಳಿಯಿತು. ಕಲ್ಲುಪ್ಪು ನಿಧಾನವಾಗಿ ಕರಗಿ ಒಳಗಿನ ತನಕ ಹೋಗುತ್ತದೆ. ಕರುಳು ತೆಗೆಯದ ಎರಡೂ ಮೀನಿನ ಹೊಟ್ಟೆ ರಾತ್ರಿಯೇ ಒಡೆದಿತ್ತು. ಒಂದೆರಡನ್ನು ಮರೆತು ಸೋಮವಾರದ ತನಕ ಉಪ್ಪಿನಲ್ಲೇ ಬಿಟ್ಟೆ. ಅವು ಚಪ್ಪಲಿಯ ಬಾರಿನ ಹಾಗಾದವು. ಗಾಳ ಚುಚ್ಚುವುದೇ ಕಷ್ಟ, ವಾಸನೆಯೂ ಕಡಿಮೆ. ಒಂದು ರಾತ್ರಿ, ಎಂಟರಿಂದ ಹತ್ತು ಗಂಟೆ, ಬೂತಾಯಿಗೆ ಅಷ್ಟು ಸಾಕು.

ಭಾನುವಾರ 27. 18 ಸಲ ಬೀಸಿದೆ, 4 ಸಲ ಹೋಯಿತು. ಮೀನು ಸಿಗಲಿಲ್ಲ. ಆದರೆ ಹದಿನಾಲ್ಕು ಸಲ ಒಂದೇ ಸದ್ದು. ಮನೆಗೆ ಬರುವಾಗ ಮನಸ್ಸು ಹಗುರವಾಗಿತ್ತು.

ಫ್ರೀಜರಿನಲ್ಲಿ ಇಡುವುದು

ಉಪ್ಪಾದ ಮೀನನ್ನು ಬಟ್ಟೆಯಲ್ಲಿ ಒರೆಸಿ, ಸ್ಟೀಲ್ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಜೋಡಿಸಿ ಮೊದಲು ಗಟ್ಟಿ ಮಾಡುತ್ತೇನೆ. ಮೂರು ನಾಲ್ಕು ಗಂಟೆ. ಆಮೇಲೆ ಆರಾರು ಮೀನಿನ ಕಟ್ಟು, ಒಳಗೆ ಪ್ಲಾಸ್ಟಿಕ್ ಹಾಳೆ, ಹೊರಗೆ ಪೇಪರ್. ಗಾಳಿ ಉಳಿದರೆ ಬೂತಾಯಿಯ ಎಣ್ಣೆ ಕೆಟ್ಟು ಹಳದಿಯಾಗುತ್ತದೆ, ಹಾಗಾಗಿ ಒತ್ತಿ ಸುತ್ತಬೇಕು. ಒಂದು ಭಾನುವಾರಕ್ಕೆ ಎರಡು ಕಟ್ಟು ಸಾಕು. ಕರಗಿದ್ದನ್ನು ಮತ್ತೆ ಫ್ರೀಜರಿಗೆ ಹಾಕುವುದಿಲ್ಲ.

ಆ ವಾರ ಗುಡುಗು ಮಳೆ ಬಂದು ಸಂಜೆ ಐದು ಗಂಟೆ ಕಾಲ ಕರೆಂಟ್ ಇರಲಿಲ್ಲ. ಉಪ್ಪಿಲ್ಲದ ಕಟ್ಟು ಒಂದಿತ್ತು, ಅದು ನೀರು ಬಿಟ್ಟು ಹಾಳಾಯಿತು. ಉಪ್ಪಿನ ಕಟ್ಟುಗಳು ಮೊದಲಿನಂತೆಯೇ ಗಟ್ಟಿ ಇದ್ದವು.

ಅಮ್ಮನಿಗೆ ವಾಸನೆಯ ಚಿಂತೆ. ನನಗೆ ಬೇರೆಯೇ ಚಿಂತೆ. ಎರೆಯ ಮೀನನ್ನು ಯಾರಾದರೂ ಸಾರಿಗೆ ಹಾಕಿಬಿಟ್ಟರೆ? ಬೂತಾಯಿ, ಬಂಗುಡೆ ಬಿಸಿಲಿನಲ್ಲಿ ಅಥವಾ ಸೆಕೆಯಲ್ಲಿ ಹೊತ್ತು ಕಳೆದರೆ ಅದರಲ್ಲಿ ಹಿಸ್ಟಮಿನ್ ಎಂಬ ವಿಷ ಹುಟ್ಟುತ್ತದೆ. ಮುಖ ಕೆಂಪಾಗುವುದು, ತುರಿಕೆ, ತಲೆನೋವು ಬರುತ್ತದೆ. ಬೇಯಿಸಿದರೂ ಅದು ಹೋಗುವುದಿಲ್ಲ. ದಿನವಿಡೀ ತೀರದಲ್ಲಿ ಸುತ್ತಿ ಬಂದ ಎರೆಯನ್ನು ತಿನ್ನುವ ಮಾತೇ ಬೇಡ. ಹಳೆಯ ಐಸ್‌ಕ್ರೀಮ್ ಡಬ್ಬಿಯ ಮೇಲೆ ದಪ್ಪಗೆ ‘ಎರೆ, ತಿನ್ನಬೇಡಿ’ ಎಂದು ಬರೆದು ಅದರೊಳಗೇ ಇಡುತ್ತೇನೆ. ತೀರದಲ್ಲಿ ಉಳಿದದ್ದು ತೆಂಗಿನ ಬುಡಕ್ಕೆ, ಒಂದಡಿ ಗುಂಡಿ ತೆಗೆದು. ಆಳ ಕಡಿಮೆಯಾದರೆ ನಾಯಿ ಕೆದಕುತ್ತದೆ.

ದೀಪಾವಳಿಯ ವಾರ ಮನೆಯಲ್ಲಿ ಮೀನು ಇಲ್ಲ. ಗಾಳವೂ ಇಲ್ಲ.

ನವೆಂಬರ್ 9 ಮತ್ತು 10: ಬಂಗುಡೆ ಕತ್ತರಿಸುವುದು

ಬೂತಾಯಿ ನಿಂತ ಮೇಲೆ ಬಂಗುಡೆ ಮಾಡಿ ನೋಡುವ ಆಸೆ. ಬಂಗುಡೆಯ ಚರ್ಮ ಗಟ್ಟಿ, ಮಾಂಸ ಬಿಗಿ, ರಕ್ತ ಜಾಸ್ತಿ. ಒಂದು ಕೆಜಿ 180, ಆರು ಮೀನು ಬಂತು. ಐಸ್ 20.

ನನ್ನ ತಪ್ಪು ಕತ್ತಿಯಲ್ಲಿತ್ತು. ಅಮ್ಮನ ಮೆಟ್ಟುಕತ್ತಿಯಲ್ಲಿ ಸಾರಿನ ತುಂಡು ಸೊಗಸಾಗಿ ಬರುತ್ತದೆ. ತೆಳು ಪಟ್ಟಿ ನನಗೆ ಅದರಲ್ಲಿ ಬರಲಿಲ್ಲ. ಸಣ್ಣ ಚಾಕು ತಗೊಂಡೆ, ಅದಕ್ಕೆ ಮೊನೆ ಇರಲಿಲ್ಲ. ಮೊಂಡು ಚಾಕು ಮಾಂಸವನ್ನು ಒತ್ತುತ್ತದೆ, ಚರ್ಮದ ಮೇಲೆ ಜಾರುತ್ತದೆ. ಮೂರನೇ ಮೀನಿಗೆ ಜಾರಿ ಎಡಗೈ ಹೆಬ್ಬೆರಳಿಗೆ ಬಿತ್ತು. ಅದೇ ಕೈಯಲ್ಲಿ ಉಪ್ಪು ಮುಟ್ಟಿದೆ. ಆ ಉರಿಗೆ ಕಣ್ಣಲ್ಲಿ ನೀರು ಬಂತು. ಮೀನು ಕತ್ತರಿಸುವಾಗ ಆದ ಗಾಯ ಬೇಗ ಕೀವಾಗುತ್ತದೆ. ಸೋಪು ಹಾಕಿ ತೊಳೆದು ಕಟ್ಟಿದೆ. ಅಂದೇ 150 ರೂಪಾಯಿಯ ಸಾಣೆಕಲ್ಲು ತಂದು ಅರ್ಧ ಗಂಟೆ ಮಸೆದೆ. ಈಗ ಎಡಗೈಗೆ ಹತ್ತಿಯ ಗ್ಲೌಸ್ ಇಲ್ಲದೆ ಚಾಕು ಮುಟ್ಟುವುದಿಲ್ಲ.

ಮರದ ಹಲಗೆಯ ಮೇಲೆ ಒದ್ದೆ ಪೇಪರ್ ಹಾಸಿದರೆ ಮೀನು ಜಾರುವುದಿಲ್ಲ. ಬಂಗುಡೆಯನ್ನು ಬೆನ್ನಿನ ಮುಳ್ಳಿನ ಗುಂಟ, ಬಾಲದಿಂದ ತಲೆಯ ಕಡೆಗೆ ಒಂದೇ ಎಳೆತದಲ್ಲಿ ಬಿಡಿಸಬೇಕು. ಗರಗಸದ ಹಾಗೆ ಹಿಂದೆ ಮುಂದೆ ಮಾಡಿದರೆ ಮಾಂಸ ಚೂರುಚೂರಾಗುತ್ತದೆ. ಎರಡು ಬದಿ ಬಂದ ಮೇಲೆ ಚರ್ಮ ಕೆಳಗೆ ಮಾಡಿ ಇಟ್ಟು, ಬೆರಳಗಲದ ಪಟ್ಟಿ ಕತ್ತರಿಸುವುದು. ನನ್ನ ಅಳತೆ ಉದ್ದ 9 ಸೆಂಟಿಮೀಟರ್, ಒಂದು ತುದಿ 2, ಇನ್ನೊಂದು ತುದಿ 1. ಸಪುರ ತುದಿಗೇ ಗಾಳ. ಚರ್ಮದ ಕಡೆಯಿಂದ ಚುಚ್ಚಿ, ತೆಗೆದು, ಒಂದು ಸೆಂಟಿಮೀಟರ್ ಬಿಟ್ಟು ಮತ್ತೆ ಚುಚ್ಚುವುದು. ಭಾರ ಹೊರುವುದು ಚರ್ಮ, ಆದ್ದರಿಂದ ಗಾಳ ಎರಡು ಸಲ ಚರ್ಮ ದಾಟಲೇಬೇಕು.

ಮೊದಲ ದಿನ ನಾನು ಪಟ್ಟಿಯ ಅಂಚಿನಲ್ಲಿ ಚುಚ್ಚಿದ್ದೆ. ನೀರಿನಲ್ಲಿ ಪಟ್ಟಿ ಗಿರಗಿರ ತಿರುಗಿ ತಂಗೂಸಿ ಮುರಿಗೆ ಬಿದ್ದು ಹಗ್ಗವಾಯಿತು. ನಡುವಿನಲ್ಲಿ ಚುಚ್ಚಿದ ಮೇಲೆ ನೇರ ನಿಂತಿತು. ಇಡೀ ಬೂತಾಯಿ ಹಾಕುವಾಗಲೂ ಇದೇ ಕಾರಣಕ್ಕೆ ಬಾಲದ ರೆಕ್ಕೆ ಕತ್ತರಿಸಿ ತೆಗೆಯಬೇಕು.

ಬಂಗುಡೆ ಪಟ್ಟಿಗೆ ಉಪ್ಪು ಕಡಿಮೆ ಸಾಕು. ತೆಳುವಾಗಿರುವುದರಿಂದ ಎರಡೇ ಗಂಟೆ. ರಾತ್ರಿಯಿಡೀ ಇಟ್ಟ ಒಂದು ಕಂತು ಹಪ್ಪಳದ ಹಾಗೆ ಮುರುಟಿಕೊಂಡಿತು.

ಕಟ್ಟುವುದು. ಮೊದಲು ಹೊಲಿಗೆ ದಾರ ಸುತ್ತಿದೆ. ಅದು ಮಾಂಸವನ್ನು ಕೊಯ್ದುಬಿಡುತ್ತದೆ. ದರ್ಜಿಯ ಹತ್ತಿರದ ಎಲಾಸ್ಟಿಕ್ ಕೇಳಿ ತಂದೆ, ದಪ್ಪವಾಯಿತು. ಕೊನೆಗೆ ಎರೆ ಕಟ್ಟುವುದಕ್ಕೇ ಇರುವ ಕೂದಲೆಳೆಯಷ್ಟು ಸಪುರ ಎಲಾಸ್ಟಿಕ್ ದಾರ ಆನ್‌ಲೈನಲ್ಲಿ ತರಿಸಿದೆ, 140 ರೂಪಾಯಿ. ಇದಕ್ಕೆ ಗಂಟು ಬೇಡ. ಎಳೆದು ಹಿಡಿದು ಎಂಟು ಹತ್ತು ಸುತ್ತು ಸುತ್ತಿ, ಜೋರಾಗಿ ಎಳೆದು ತುಂಡು ಮಾಡಿದರೆ ತನ್ನಷ್ಟಕ್ಕೆ ಕಚ್ಚಿಕೊಳ್ಳುತ್ತದೆ. ಚೆನ್ನಾಗಿದೆ ಎಂದು ಇಪ್ಪತ್ತು ಸುತ್ತು ಸುತ್ತಿದ್ದು ಮತ್ತೊಂದು ತಪ್ಪು. ಗಾಳದ ಮೊನೆ ಮುಚ್ಚಿಹೋಯಿತು. ಬೆಳಿಗ್ಗೆ ಒಂದು ದೊಡ್ಡ ಎಳೆತ ಬಂತು, ರಾಡ್ ಬಾಗಿತು, ಹತ್ತು ಸೆಕೆಂಡಿನಲ್ಲಿ ಸಡಿಲ. ಎಳೆದು ನೋಡಿದರೆ ಎರೆ ಜಜ್ಜಿಹೋಗಿದೆ, ಗಾಳದ ಮೊನೆ ದಾರದೊಳಗೇ ಇದೆ. ಈ ಆರು ವಾರದಲ್ಲಿ ನನಗೆ ಅತಿ ಹೆಚ್ಚು ನೋವಾದ ಗಳಿಗೆ ಅದು. ಸರ್ಕಲ್ ಗಾಳದಲ್ಲಿ ಮೊನೆ ಮತ್ತು ಕಾಲಿನ ನಡುವಿನ ಜಾಗ ಖಾಲಿ ಇರಲೇಬೇಕು. ಮೀನು ಎಳೆದಾಗ ರಾಡ್ ಜಗ್ಗಲೂಬಾರದು, ಸುಮ್ನೆ ರೀಲ್ ತಿರುಗಿಸುತ್ತಾ ಹೋದರೆ ಬಾಯಿಯ ಮೂಲೆಗೆ ತಾನೇ ಸಿಕ್ಕಿಕೊಳ್ಳುತ್ತದೆ.

16 ಸಲ, 2 ಸಲ ಮಾತ್ರ ಎರೆ ಹೋಯಿತು.

ನವೆಂಬರ್ 16 ಮತ್ತು 17: ಸಸಿಹಿತ್ಲು

ಶಾಂಭವಿ ಮತ್ತು ನಂದಿನಿ ನದಿಗಳು ಒಟ್ಟಿಗೆ ಸಮುದ್ರ ಸೇರುವ ಅಳಿವೆ. ಇಲ್ಲಿ ಸೆಳೆತ ಜಾಸ್ತಿ, ಸಡಿಲ ಎರೆ ಒಂದು ನಿಮಿಷ ನಿಲ್ಲುವುದಿಲ್ಲ. ಹಾಗಾಗಿಯೇ ಪರೀಕ್ಷೆಗೆ ಇದನ್ನು ಆರಿಸಿದೆ. ಅಳಿವೆಯ ಮರಳು ದಿನಕ್ಕೊಂದು ಆಕಾರ. ಮೊಣಕಾಲಿಗಿಂತ ಆಳಕ್ಕೆ ಇಳಿಯಬೇಡಿ.

ಶನಿವಾರ ಬಂಗುಡೆ ಒಂದು ಕೆಜಿ 160, ಬೊಂಡಾಸ್ (ಸ್ಕ್ವಿಡ್) ಅರ್ಧ ಕೆಜಿ 170, ಐಸ್ 20. ಬಂಗುಡೆಗೆ ಎರಡು ಗಂಟೆ ಉಪ್ಪು. ಜೊತೆಗೆ ಅಕ್ಟೋಬರ್ 26ರ ಉಪ್ಪಿನ ಬೂತಾಯಿಯಲ್ಲಿ ಉಳಿದದ್ದು. ಡಬ್ಬಿಯಲ್ಲಿ ಐಸ್ ಬಾಟಲಿಗಳ ಮೇಲೆ ಒಣ ಬಟ್ಟೆ, ಅದರ ಮೇಲೆ ಎರೆ. ಒಂದು ಸಲಕ್ಕೆ ಎರಡೇ ಎರೆ ಹೊರಗೆ ತೆಗೆಯುವುದು. ಮೊದಲು ನಾನು ಎಲ್ಲವನ್ನೂ ಮರಳ ಮೇಲೆ ಪೇಪರಿನಲ್ಲಿ ಹರಡಿಡುತ್ತಿದ್ದೆ. ಬಿಸಿಲು ಏರುವಷ್ಟರಲ್ಲಿ ಅರ್ಧ ಮೆತ್ತಗಾಗುತ್ತಿತ್ತು, ಕಾಗೆಗಳ ಕಾಟ ಬೇರೆ.

ಬೆಳಿಗ್ಗೆ ಆರರಿಂದ ಹತ್ತೂವರೆ ತನಕ 22 ಸಲ. ಬೀಸುವಾಗ ಹೋದ ಎರೆ ಒಂದೇ ಒಂದು, ಅದೂ ನಾನು ಎಲಾಸ್ಟಿಕ್ ಸುತ್ತಲು ಮರೆತದ್ದು. ಉಪ್ಪಿನ ಬೂತಾಯಿಗೆ ಸುಮಾರು 700 ಗ್ರಾಮಿನ ಒಂದು ಕೊಕ್ಕರ್ ಮೀನು. ಬಂಗುಡೆ ಪಟ್ಟಿಗೆ ಒಂದು ಕೆಂಬೇರಿ, ಮನೆಯಲ್ಲಿ ತೂಗಿದಾಗ 1 ಕೆಜಿ 150 ಗ್ರಾಂ. ಬಾಯಿಯ ಮೂಲೆಯಲ್ಲೇ ಗಾಳ, ಎರೆ ಇನ್ನೂ ಕಾಲಿಗೆ ಅಂಟಿಕೊಂಡಿತ್ತು. ಅಂಗೈಯಷ್ಟೇ ಇದ್ದ ಒಂದು ಮುರು ಮೀನನ್ನು ನೀರಿಗೆ ಬಿಟ್ಟೆ. ಅಮ್ಮ ಕೆಂಬೇರಿಯನ್ನು ಗಸಿ ಮಾಡಿದರು. ಅರ್ಧ ಪಕ್ಕದ ಮನೆಯ ಅಜ್ಜನಿಗೆ.

ಆರು ವಾರದ ಒಟ್ಟು ಖರ್ಚು 1,540 ರೂಪಾಯಿ, ಪೆಟ್ರೋಲ್ ಬಿಟ್ಟು. ಇದರಲ್ಲಿ ಮೊದಲ ಎರಡು ವಾರದ 280 ಪೂರ್ತಿ ನಷ್ಟ. ಈಗಿನ ಲೆಕ್ಕದಲ್ಲಿ ಒಂದು ಭಾನುವಾರದ ಎರೆಗೆ ಸುಮಾರು 100 ರೂಪಾಯಿ ಬೀಳುತ್ತದೆ.

ಇನ್ನೂ ಬಗೆಹರಿಯದ್ದು

ಈಗ ಎರೆ ನೀರಿನ ತನಕ ಹೋಗುತ್ತದೆ. ಅಲ್ಲಿ ಉಳಿಯುವುದಿಲ್ಲ. ಸಸಿಹಿತ್ಲಿನಲ್ಲಿ 22ರಲ್ಲಿ 9 ಸಲ ಐದು ನಿಮಿಷದೊಳಗೆ ಬರಿ ಗಾಳ ಬಂತು. ಎರಡು ಸಲ ತಂಗೂಸಿಯೇ ಕತ್ತರಿಸಿಹೋಗಿತ್ತು. ಎರೆ ಕದಿಯುವವು ಎರಡು. ಒಂದು, ಏಡಿ. ಇನ್ನೊಂದು ಹೊರಗೆ ಎಳೆದರೆ ಹೊಟ್ಟೆ ಉಬ್ಬಿಸಿಕೊಳ್ಳುವ ವಿಷದ ಮೀನು (ಪಫರ್). ಅದರ ಹಲ್ಲು ಗಿಳಿಯ ಕೊಕ್ಕಿನ ಹಾಗೆ, ದಪ್ಪ ತಂಗೂಸಿಯನ್ನೂ ಕಡಿಯುತ್ತದೆ. ಒಂದನ್ನು ಹಿಡಿದು ನೋಡಿದೆ, ಪಕ್ಕಡಿನಲ್ಲೇ ಬಿಡಿಸಿ ವಾಪಸ್ ಬಿಟ್ಟೆ.

ಬೊಂಡಾಸಿನ ತೆಳು ಪಟ್ಟಿಯನ್ನು ಬೂತಾಯಿಯ ಮೇಲೆ ಹೊದಿಸಿ ಎಲಾಸ್ಟಿಕ್ ಸುತ್ತಿದ ನಾಲ್ಕು ಎರೆ ಮಾಡಿದ್ದೆ. ಬೊಂಡಾಸ್ ರಬ್ಬರಿನ ಹಾಗೆ ಗಟ್ಟಿ, ಒಳಗಿನ ಬೂತಾಯಿಯ ಎಣ್ಣೆ ಅಂಚಿನಿಂದ ಹೊರಗೆ ಬರುತ್ತಿರುತ್ತದೆ. ನಾಲ್ಕರಲ್ಲಿ ಮೂರು ಹದಿನೈದು ನಿಮಿಷ ದಾಟಿದವು. ನಾಲ್ಕೇ ನಾಲ್ಕರಿಂದ ಏನೂ ಹೇಳಲಾಗದು. ಉಳಿದ ಬೊಂಡಾಸನ್ನು ಸೀಳಿ, ಒಳಗಿನ ಪೊರೆ ತೆಗೆದು, 10 ಸೆಂಟಿಮೀಟರ್ ಪಟ್ಟಿ ಮಾಡಿ ಫ್ರೀಜರಿನಲ್ಲಿ ಇಟ್ಟಿದ್ದೇನೆ. 12 ಪಟ್ಟಿ ಇವೆ. ಬರುವ ಭಾನುವಾರ ಆರು ಹೊದಿಸಿದ ಎರೆ, ಆರು ಹೊದಿಸದ ಎರೆ, ಒಂದರ ನಂತರ ಒಂದು, ಗಡಿಯಾರ ಹಿಡಿದು.